ಗುರುತಿಲ್ಲದ ರೋಗಿಗೂ ಒಂದು ಹಾಸಿಗೆ

ಕಾಯಿಲೆ ಬಿದ್ದವರು ಯಾರೇ ಆಗಲಿ, ಕೈಯಲ್ಲಿ ಕಾಸಿರಲಿ ಇಲ್ಲದಿರಲಿ, ಬಂದು ಮಲಗಿ ಗುಣವಾಗುವ ತನಕ ಆರೈಕೆ ಪಡೆಯಬಹುದಾದ ಆಸ್ಪತ್ರೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ರೂಪುಗೊಂಡದ್ದು ಕ್ರಿ.ಶ. 4ನೇ ಶತಮಾನದಲ್ಲಿ. ಅದನ್ನು ಕಟ್ಟಿದವರು ಕ್ರೈಸ್ತರು. ಕ್ರೈಸ್ತಧರ್ಮದ ಕೊಡುಗೆ ಎಂದೊಡನೆ ಮುಗಿಲೆತ್ತರದ ಚರ್ಚುಗಳು, ಬಾಖ್‌ನ ಸಂಗೀತ, ಯುರೋಪಿನ ಹಳೆಯ ವಿಶ್ವವಿದ್ಯಾಲಯಗಳು ನೆನಪಿಗೆ ಬರುವುದು ಸಹಜ. ಆದರೆ ಚರ್ಚಿನ ಮೆಟ್ಟಿಲನ್ನೇ ಹತ್ತದ ಕೋಟಿಗಟ್ಟಲೆ ಜನರ ಬದುಕನ್ನು ಮುಟ್ಟಿದ್ದು ಈ ಆಸ್ಪತ್ರೆಗಳ ಪರಂಪರೆ.

ವೈದ್ಯವಿದ್ಯೆ ಅದಕ್ಕಿಂತ ಎಷ್ಟೋ ಹಳೆಯದು. ಗ್ರೀಕರಿಗೆ ಹಿಪೊಕ್ರೆಟಿಸ್ ಇದ್ದ, ರೋಮನ್ನರ ಕಾಲದಲ್ಲಿ ಗ್ಯಾಲೆನ್ ಇದ್ದ. ಎಪಿಡಾರಸ್‌ನಂಥ ಊರುಗಳಲ್ಲಿ ಅಸ್ಕ್ಲೀಪಿಯಸ್ ದೇವರ ಗುಡಿಗಳಿದ್ದವು. ರೋಗಿಗಳು ಅಲ್ಲಿ ರಾತ್ರಿ ಮಲಗಿ, ಕನಸಿನಲ್ಲಿ ದೇವರು ಮದ್ದು ಹೇಳುತ್ತಾನೆಂದು ಕಾಯುತ್ತಿದ್ದರು. ರೋಮನ್ ಸೇನೆ ತನ್ನ ನೆಲೆಗಳಲ್ಲಿ ಗಾಯಾಳು ಸೈನಿಕರಿಗೆಂದು ಚಿಕಿತ್ಸಾಲಯ ಕಟ್ಟಿತ್ತು. ದೊಡ್ಡ ಜಮೀನ್ದಾರರು ತಮ್ಮ ಗುಲಾಮರಿಗೂ ಅಂಥ ಏರ್ಪಾಡು ಮಾಡಿಕೊಂಡಿದ್ದರು. ಅನುಕೂಲಸ್ಥರ ಮನೆಬಾಗಿಲಿಗೆ ವೈದ್ಯನೇ ಬರುತ್ತಿದ್ದ. ಇತ್ತ ಭಾರತದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ವ್ಯವಸ್ಥೆ ಮಾಡಿದ್ದನ್ನು ಅಶೋಕ ತನ್ನ ಶಾಸನದಲ್ಲಿ ಕೊರೆಸಿದ್ದಾನೆ. 5ನೇ ಶತಮಾನದ ಆರಂಭದಲ್ಲಿ ಪಾಟಲಿಪುತ್ರಕ್ಕೆ ಬಂದ ಚೀನೀ ಯಾತ್ರಿಕ ಫಾಹಿಯಾನ್ ಅಲ್ಲಿನ ಧರ್ಮಾಸ್ಪತ್ರೆಗಳನ್ನು ವರ್ಣಿಸಿದ್ದಾನೆ. ರೋಗಿಯ ಮೇಲಿನ ಕರುಣೆ ಯಾವ ಒಂದು ಧರ್ಮದ ಸ್ವತ್ತೂ ಅಲ್ಲ. ರೋಮನ್ ಸಾಮ್ರಾಜ್ಯದ ನಗರಗಳಲ್ಲಿ ಕೊರತೆಯಾಗಿದ್ದದ್ದು ಮನೆಯಿಲ್ಲದ, ನೆಂಟರಿಲ್ಲದ, ಯಜಮಾನನೂ ಇಲ್ಲದ ಬಡರೋಗಿಗೆ ಒಂದು ಜಾಗ. ಬೀದಿ ಬದಿಯಲ್ಲಿ ಸಾಯುವುದಷ್ಟೇ ಅಂಥವನ ಪಾಲಿಗಿತ್ತು.

ಈ ಕೊರತೆ ಕ್ರೈಸ್ತರ ಕಣ್ಣಿಗೆ ಬಿದ್ದದ್ದಕ್ಕೆ ಅವರ ನಂಬಿಕೆಯೇ ಕಾರಣ. ರೋಗಿಯನ್ನು ನೋಡಿಕೊಂಡರೆ ತನ್ನನ್ನೇ ನೋಡಿಕೊಂಡಂತೆ ಎಂದು ಯೇಸು ಹೇಳಿದನೆಂದು ಮತ್ತಾಯನ ಸುವಾರ್ತೆ ದಾಖಲಿಸುತ್ತದೆ. ದಾರಿಯಲ್ಲಿ ಪೆಟ್ಟು ತಿಂದು ಬಿದ್ದಿದ್ದವನನ್ನು ಸ್ವಜನರು ಕಂಡೂ ಕಾಣದಂತೆ ಹೋದಾಗ, ಪರಕೀಯನಾದ ಸಮಾರ್ಯದವನು ಎತ್ತಿಕೊಂಡು ಛತ್ರಕ್ಕೆ ಸೇರಿಸಿ, ಖರ್ಚಿಗೆ ದುಡ್ಡನ್ನೂ ಕೊಟ್ಟು ಹೋದ ಕತೆ ಲೂಕನ ಸುವಾರ್ತೆಯಲ್ಲಿದೆ. ಇವು ಪ್ರವಚನದ ಮಾತಾಗಿ ಉಳಿಯದೆ ಆಚರಣೆಗೆ ಬಂದದ್ದು 3ನೇ ಶತಮಾನದ ಮಧ್ಯದಲ್ಲಿ, ಸಾಮ್ರಾಜ್ಯವಿಡೀ ಮಹಾಮಾರಿ ಹಬ್ಬಿದಾಗ. ಜನ ತಮ್ಮವರನ್ನೇ ಬಿಟ್ಟು ಓಡುತ್ತಿದ್ದ ಹೊತ್ತಿನಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತರು ರೋಗಿಗಳ ಬಳಿಯೇ ಉಳಿದು, ಸೋಂಕು ತಗುಲಿ ಸತ್ತರೆಂದು ಅಲ್ಲಿನ ಬಿಷಪ್ ಡಯೊನೀಸಿಯಸ್ ಬರೆದಿದ್ದಾನೆ. ಕಾರ್ತೇಜಿನ ಬಿಷಪ್ ಸಿಪ್ರಿಯನ್, ಆರೈಕೆ ತಮ್ಮವರಿಗಷ್ಟೇ ಸಲ್ಲಬಾರದು, ತಮಗೆ ಹಿಂಸೆ ಕೊಟ್ಟವರಿಗೂ ಸಲ್ಲಬೇಕೆಂದು ತನ್ನ ಸಭೆಗೆ ಬೋಧಿಸಿದ. ಔಷಧವೇ ಇಲ್ಲದ ರೋಗದಲ್ಲೂ ಹೊತ್ತಿಗೆ ನೀರು, ಗಂಜಿ, ಶುಚಿಯಾದ ಹಾಸಿಗೆ ಸಿಕ್ಕರೆ ಬದುಕುವವರ ಸಂಖ್ಯೆ ಹೆಚ್ಚುತ್ತದೆ. ಕ್ರೈಸ್ತ ಸಮುದಾಯಗಳು ಬೆಳೆಯಲು ಈ ಆರೈಕೆಯೂ ಒಂದು ಕಾರಣವೆಂದು ಸಮಾಜಶಾಸ್ತ್ರಜ್ಞ ರಾಡ್ನಿ ಸ್ಟಾರ್ಕ್ ವಾದಿಸಿದ್ದಾರೆ. ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ನೆಲೆಗೊಳಿಸಲು ಹೊರಟಿದ್ದ ಚಕ್ರವರ್ತಿ ಜೂಲಿಯನ್‌ನ ಹೆಸರಿನಲ್ಲಿ ಉಳಿದಿರುವ ಪತ್ರವೊಂದು, ಕ್ರೈಸ್ತರು ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆಂದು ನಾಚಿಕೆಪಟ್ಟು, ಊರೂರಲ್ಲಿ ಛತ್ರಗಳನ್ನು ತೆರೆಯಲು ತನ್ನ ಪುರೋಹಿತನಿಗೆ ಆಜ್ಞೆ ಕೊಡುತ್ತದೆ. ವಿರೋಧಿಯೊಬ್ಬನ ಬಾಯಿಂದ ಬಂದ ಈ ಸಾಕ್ಷ್ಯಕ್ಕೆ ಹೊಗಳಿಕೆಗಿಂತ ಹೆಚ್ಚಿನ ತೂಕವಿದೆ.

ಇಂದಿನ ಟರ್ಕಿಯ ಕೈಸೇರಿ ನಗರ ಆಗ ಕಪಡೋಷಿಯ ಪ್ರಾಂತದ ಸಿಸೇರಿಯ. 368ರ ಸುಮಾರಿಗೆ ಅಲ್ಲಿ ಘೋರ ಬರ ಬಂದಾಗ ಬೇಸಿಲ್ ಎಂಬ ಪಾದ್ರಿ ಶ್ರೀಮಂತರ ಕಣಜಗಳನ್ನು ತೆರೆಸಿ ಗಂಜಿ ಕೇಂದ್ರಗಳನ್ನು ನಡೆಸಿದ. 370ರಲ್ಲಿ ಬಿಷಪ್ ಆದ ಮೇಲೆ ಊರ ಹೊರಗೆ ದೊಡ್ಡದೊಂದು ಸಂಕೀರ್ಣವನ್ನೇ ಕಟ್ಟಿಸಿದ. ದಾರಿಹೋಕರಿಗೆ ತಂಗಲು ಮನೆ, ರೋಗಿಗಳಿಗೆ ಬೇರೆ ವಸತಿ, ಕುಷ್ಠರೋಗಿಗಳಿಗೆ ಆಶ್ರಯ, ವೈದ್ಯರು, ಶುಶ್ರೂಷಕರು, ಸಾಮಾನು ಹೊರುವ ಪ್ರಾಣಿಗಳು, ಕಸುಬಿನ ಕಾರ್ಯಾಗಾರಗಳು ಎಲ್ಲವೂ ಅಲ್ಲಿದ್ದವು. ಇದು ಒಂದು ಹೊಸ ನಗರವೇ ಸರಿ ಎಂದು ಬೇಸಿಲನ ಗೆಳೆಯ, ನಾಜಿಯಾಂಜಸ್‌ನ ಗ್ರೆಗರಿ ಕೊಂಡಾಡಿದ್ದಾನೆ. ಊರಿನವರು ಕುಷ್ಠರೋಗಿಗಳನ್ನು ಅಟ್ಟುತ್ತಿದ್ದ ಕಾಲದಲ್ಲಿ ಬಿಷಪ್ಪನೇ ಅವರನ್ನು ಅಪ್ಪಿಕೊಳ್ಳುತ್ತಿದ್ದನಂತೆ. ಅದೇ ಶತಮಾನದ ಕೊನೆಯಲ್ಲಿ ರೋಮ್‌ನಲ್ಲಿ ಫ್ಯಾಬಿಯೋಲ ಎಂಬ ಸಿರಿವಂತ ಮಹಿಳೆ ಆಸ್ತಿ ಮಾರಿ ಆಸ್ಪತ್ರೆ ತೆರೆದಳು. ಕುಲೀನ ಮನೆತನದ ಈಕೆ ಬೀದಿಯಲ್ಲಿ ಬಿದ್ದ ರೋಗಿಗಳನ್ನು ಹೆಗಲ ಮೇಲೆ ಹೊತ್ತು ತಂದು, ಬೇರೆಯವರು ನೋಡಲೂ ಹೇಸುವ ಹುಣ್ಣುಗಳನ್ನು ತೊಳೆದಳೆಂದು ಸಂತ ಜೆರೋಮ್ ಬರೆದಿದ್ದಾನೆ. ಮೈಮುಟ್ಟಿ ಮಾಡುವ ಸೇವೆ ಗುಲಾಮರದು ಎಂದಿದ್ದ ಸಮಾಜಕ್ಕೆ ಇದು ಸಣ್ಣ ಬದಲಾವಣೆಯಲ್ಲ.

ರೋಮನ್ ಸಾಮ್ರಾಜ್ಯದ ಪಶ್ಚಿಮ ಭಾಗ ಕುಸಿದ ಮೇಲೆ ಈ ಕೆಲಸ ಮಠಗಳ ಗೋಡೆಯೊಳಗೆ ಉಳಿಯಿತು. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ನಿಯಮಗಳು ರೋಗಿಗಳ ಆರೈಕೆಯನ್ನು ಉಳಿದೆಲ್ಲ ಕೆಲಸಕ್ಕಿಂತ ಮುಂದಿಡುತ್ತವೆ. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್‌ನಲ್ಲಿ ಕಾಪಾಡಿಕೊಂಡು ಬಂದಿರುವ, 820ರ ಸುಮಾರಿನ ಮಠದ ನಕ್ಷೆಯಲ್ಲಿ ರೋಗಿಗಳ ಕಟ್ಟಡ, ವೈದ್ಯನ ಮನೆ, ಅದಕ್ಕೆ ಹೊಂದಿಕೊಂಡು ಮೂಲಿಕೆಗಳ ತೋಟ ಇವೆ. ತೋಟದಲ್ಲಿ 16 ಮಡಿಗಳು. ಒಂದೊಂದರ ಮೇಲೂ ಗಿಡದ ಹೆಸರನ್ನು ಬರೆಯಲಾಗಿದೆ. ಪುದೀನ, ಜೀರಿಗೆ, ರೋಸ್‌ಮೆರಿ, ಗುಲಾಬಿಯೂ ಅದರಲ್ಲಿವೆ. ಗ್ರೀಕ್ ವೈದ್ಯಗ್ರಂಥಗಳ ಪಾಲಿಗೂ ಕ್ರೈಸ್ತರು ಕೊಂಡಿಯಾದರು. 9ನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸಾಕ್ ಎಂಬ ಪೂರ್ವ ಚರ್ಚಿನ ಕ್ರೈಸ್ತ ವೈದ್ಯ ಗ್ಯಾಲೆನ್‌ನ ಕೃತಿಗಳನ್ನು ಸಿರಿಯಾಕ್ ಮತ್ತು ಅರಬ್ಬಿ ಭಾಷೆಗಳಿಗೆ ತಂದ. ಅವುಗಳ ಮೇಲೆ ಮುಸ್ಲಿಂ ವೈದ್ಯರು ಕಟ್ಟಿದ ಜ್ಞಾನ ಮುಂದೆ ಲ್ಯಾಟಿನ್ನಿನ ಮೂಲಕ ಯುರೋಪಿಗೆ ಮರಳಿತು. ಬಾಗ್ದಾದ್, ಡಮಾಸ್ಕಸ್, ಕೈರೊಗಳ ಆಸ್ಪತ್ರೆಗಳು ಆ ಕಾಲದ ಪಶ್ಚಿಮ ಯುರೋಪಿನ ಆಸ್ಪತ್ರೆಗಳಿಗಿಂತ ವೈದ್ಯಕೀಯವಾಗಿ ಬಹಳ ಮುಂದಿದ್ದವು ಎಂಬುದನ್ನೂ ಹೇಳಲೇಬೇಕು.

ಆ ಮಟ್ಟಕ್ಕೆ ನಿಲ್ಲಬಲ್ಲ ಕ್ರೈಸ್ತ ಆಸ್ಪತ್ರೆಯೊಂದು ಕಾನ್‌ಸ್ಟಾಂಟಿನೋಪಲ್‌ನಲ್ಲಿತ್ತು. ಚಕ್ರವರ್ತಿ ಎರಡನೇ ಜಾನ್ ಕೊಮ್ನೆನಸ್ ಪಾಂಟೊಕ್ರೇಟರ್ ಮಠಕ್ಕೆ ಸೇರಿದಂತೆ ಕಟ್ಟಿಸಿದ ಈ ಆಸ್ಪತ್ರೆಯ 1136ರ ನಿಯಮಾವಳಿ ಇಂದಿಗೂ ಲಭ್ಯವಿದೆ. ಅದರಲ್ಲಿ 50 ಹಾಸಿಗೆಗಳು. ಗಾಯ ಮತ್ತು ಮೂಳೆಮುರಿತಕ್ಕೆ ಒಂದು ವಾರ್ಡು, ಕಣ್ಣು ಹಾಗೂ ಕರುಳಿನ ಬೇನೆಗೆ ಇನ್ನೊಂದು, ಹೆಂಗಸರಿಗೆ ಪ್ರತ್ಯೇಕವಾಗಿ 12 ಹಾಸಿಗೆ. ಹೆಂಗಸರ ವಾರ್ಡಿಗೆ ಮಹಿಳಾ ವೈದ್ಯೆಯೇ ಇದ್ದಳು. ಪ್ರತಿ ಹಾಸಿಗೆಗೂ ಚಾಪೆ, ಮೆತ್ತೆ, ದಿಂಬು, ಹೊದಿಕೆ. ಚಳಿಗಾಲಕ್ಕೆ ಮೇಕೆ ಕೂದಲಿನ ಕಂಬಳಿ. ಏಳಲೂ ಆಗದ ರೋಗಿಗಳಿಗೆಂದು ನಡುವೆ ರಂಧ್ರವಿದ್ದ ಮೆತ್ತೆಯ ಆರು ಹಾಸಿಗೆಗಳು ಬೇರೆ. ವೈದ್ಯರು ಒಂದು ತಿಂಗಳು ಕೆಲಸ ಮಾಡಿದರೆ ಮರುತಿಂಗಳು ಬಿಡುವು. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಸಾಣೆ ಹಿಡಿಯಲೆಂದೇ ಒಬ್ಬ ನೌಕರ. ಒಂಬೈನೂರು ವರ್ಷ ಹಿಂದಿನ ಈ ಪಟ್ಟಿಯನ್ನು ಓದುವವರಿಗೆ, ಇದನ್ನು ಬರೆಸಿದವರು ರೋಗಿಯ ಹಾಸಿಗೆಯ ಪಕ್ಕದಲ್ಲಿ ಬಹಳ ಹೊತ್ತು ಕುಳಿತವರು ಎನಿಸದೆ ಇರದು.

ಜೆರೂಸಲೇಮಿನಲ್ಲಿ ಸಂತ ಯೋಹಾನನ ಹೆಸರಿನ ಸಂಘ 12ನೇ ಶತಮಾನದಲ್ಲಿ ಯಾತ್ರಿಕರಿಗಾಗಿ ನಡೆಸಿದ ಆಸ್ಪತ್ರೆ ಇದಕ್ಕಿಂತ ಎಷ್ಟೋ ದೊಡ್ಡದು. ಸಾವಿರ ರೋಗಿಗಳಿಗೆ ಜಾಗವಿತ್ತೆಂದು ಕಣ್ಣಾರೆ ಕಂಡವರು ಬರೆದಿದ್ದಾರೆ. ಸಂಘದವರು ರೋಗಿಗಳನ್ನು ತಮ್ಮ ಒಡೆಯರೆಂದು ಕರೆಯುತ್ತಿದ್ದರು. 1182ರ ನಿಯಮದ ಪ್ರಕಾರ ನಾಲ್ವರು ವೈದ್ಯರು ಇರಬೇಕು, ರಾತ್ರಿ ಶೌಚಕ್ಕೆ ಏಳುವವರಿಗೆ ಮೇಲಂಗಿಯೂ ಪಾದರಕ್ಷೆಯೂ ಕೊಡಬೇಕು, ಯಾತ್ರೆಯಲ್ಲಿ ಹೆತ್ತ ತಾಯಂದಿರ ಕೂಸುಗಳಿಗೆ ಪುಟ್ಟ ತೊಟ್ಟಿಲು ಮಾಡಿಸಬೇಕು. ಶಿಲುಬೆ ಯುದ್ಧಗಳ ರಕ್ತಪಾತದ ನಡುವೆಯೂ ಅಲ್ಲಿ ಮುಸ್ಲಿಮರು, ಯಹೂದಿಗಳು ಚಿಕಿತ್ಸೆ ಪಡೆದರು. ಅದೇ ಸಂಘ ಬಹುಬೇಗ ಕತ್ತಿ ಹಿಡಿದ ಸೈನಿಕ ಪಡೆಯೂ ಆಯಿತೆಂಬುದು ಇತಿಹಾಸದ ಇನ್ನೊಂದು ಮುಖ. ಫ್ರಾನ್ಸಿನ ಬೋನ್ ಪಟ್ಟಣದಲ್ಲಿ 1443ರಲ್ಲಿ ನಿಕೊಲಾ ರೊಲಾಂ ದಂಪತಿ ಸ್ಥಾಪಿಸಿದ ಬಡವರ ಆಸ್ಪತ್ರೆ ಐದು ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ದಾನವಾಗಿ ಬಂದ ದ್ರಾಕ್ಷಿ ತೋಟಗಳ ವೈನ್ ಹರಾಜಿನ ಹಣ ಈಗಲೂ ಆ ಊರಿನ ಆಸ್ಪತ್ರೆಗೆ ಸಲ್ಲುತ್ತದೆ.

ಎಲ್ಲೆಡೆಯೂ ಹೀಗೆಯೇ ಇತ್ತೆಂದಲ್ಲ. 18ನೇ ಶತಮಾನದ ಪ್ಯಾರಿಸ್ಸಿನ ದೊಡ್ಡ ಆಸ್ಪತ್ರೆ ಒತೆಲ್ ದಿಯುದಲ್ಲಿ ಒಂದೇ ಹಾಸಿಗೆಯಲ್ಲಿ ನಾಲ್ಕಾರು ರೋಗಿಗಳು ಮಲಗುತ್ತಿದ್ದರು. ಜೀವ ಇರುವವರ ಪಕ್ಕ ಹೆಣವೂ ಇರುತ್ತಿತ್ತು. ಶಸ್ತ್ರವೈದ್ಯ ಜಾಕ್ ಟೆನಾನ್ 1788ರಲ್ಲಿ ಪ್ರಕಟಿಸಿದ ವರದಿ ಅದನ್ನೆಲ್ಲ ಬಯಲಿಗಿಟ್ಟಿತು. ಕರುಣೆ ಇದ್ದರೆ ಸಾಲದು, ಗಾಳಿ, ನೀರು, ಸ್ವಚ್ಛತೆ, ಲೆಕ್ಕಪತ್ರ ಎಲ್ಲವೂ ಬೇಕೆಂಬ ತಿಳಿವಳಿಕೆ ವಿಜ್ಞಾನದಿಂದ ಬಂತು. ಆ ತಿಳಿವಳಿಕೆ ಮತ್ತು ಹಳೆಯ ಸೇವಾಭಾವ ಒಂದಾದದ್ದು ದಾದಿಯ ವೃತ್ತಿಯಲ್ಲಿ.

1633ರಲ್ಲಿ ಫ್ರಾನ್ಸಿನ ವಿನ್ಸೆಂಟ್ ಡಿ ಪಾಲ್ ಮತ್ತು ಲೂಯಿಸ್ ಡಿ ಮರಿಲಾಕ್ ಕಟ್ಟಿದ ಸನ್ಯಾಸಿನಿಯರ ಸಂಘ ಮಠದ ಬಾಗಿಲು ದಾಟಿ ಬಡವರ ಕೇರಿಗೆ ಹೋಯಿತು. ಹಳ್ಳಿಯ ಸಾಧಾರಣ ಹೆಣ್ಣುಮಕ್ಕಳೇ ಅದರ ಬಲ. ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಪಾದ್ರಿ ತಿಯೊಡೋರ್ ಫ್ಲೀಡ್ನರ್ ಹಾಗೂ ಅವನ ಪತ್ನಿ ಫ್ರೀಡರಿಕ 1836ರಲ್ಲಿ ಪ್ರೊಟೆಸ್ಟೆಂಟ್ ಮಹಿಳೆಯರಿಗೆ ಶುಶ್ರೂಷೆಯ ತರಬೇತಿ ಶುರುಮಾಡಿದರು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಮೂರು ತಿಂಗಳು ಕಲಿತದ್ದು ಅಲ್ಲೇ. 1854ರಲ್ಲಿ ಆಕೆ ಕ್ರಿಮಿಯ ಯುದ್ಧಕ್ಕೆ ಕರೆದೊಯ್ದ 38 ದಾದಿಯರಲ್ಲಿ ಕ್ಯಾಥೊಲಿಕ್ ಮತ್ತು ಆಂಗ್ಲಿಕನ್ ಸನ್ಯಾಸಿನಿಯರೂ ಇದ್ದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆ ತೆರೆದ ಶಾಲೆ ಯಾವ ಚರ್ಚಿನ ಅಧೀನದಲ್ಲೂ ಇರಲಿಲ್ಲ. ರೆಡ್‌ಕ್ರಾಸ್ ಹುಟ್ಟಿಗೆ ಕಾರಣನಾದ ಹೆನ್ರಿ ಡ್ಯೂನಾಂಟ್ ಕೂಡ ಜಿನೀವಾದ ದೈವಭಕ್ತ ಪ್ರೊಟೆಸ್ಟೆಂಟ್. ಆದರೆ ಆ ಸಂಸ್ಥೆ ಮೊದಲ ದಿನದಿಂದಲೇ ಎಲ್ಲ ಮತದವರದು. ಕ್ರೈಸ್ತರ ಕೈಯಲ್ಲಿ ಬೆಳೆದದ್ದು ಇಡೀ ಸಮಾಜದ ಸ್ವತ್ತಾದದ್ದು ಹೀಗೆ.

ಭಾರತಕ್ಕೆ ಮಿಷನ್ ಆಸ್ಪತ್ರೆಗಳು ಬಂದಾಗ ಅವು ಎದುರಿಸಿದ ಮೊದಲ ದೊಡ್ಡ ಪ್ರಶ್ನೆ ಹೆಂಗಸರ ಸಾವು. ಪುರುಷ ವೈದ್ಯ ಮುಟ್ಟಬಾರದೆಂಬ ಕಟ್ಟಳೆಯಿಂದ ಹೆರಿಗೆಯಲ್ಲಿ ಸಾಯುವವರಿಗೆ ಲೆಕ್ಕವಿರಲಿಲ್ಲ. ಅಮೆರಿಕದ ಮೆಥೊಡಿಸ್ಟ್ ವೈದ್ಯೆ ಕ್ಲಾರಾ ಸ್ವೇನ್ 1870ರಲ್ಲಿ ಬರೇಲಿಗೆ ಬಂದು ಕೆಲಸ ಶುರುಮಾಡಿದಾಗ, ಆಸ್ಪತ್ರೆಗೆ ಜಾಗ ದಾನ ಮಾಡಿದವರು ರಾಂಪುರದ ನವಾಬರು. ಮಿಷನರಿ ಎಲಿಜಬೆತ್ ಬೀಲ್ಬಿ ಚಿಕಿತ್ಸೆ ಮಾಡಿದ್ದ ಪನ್ನಾದ ಮಹಾರಾಣಿ, ಭಾರತದ ಹೆಂಗಸರ ಬವಣೆಯನ್ನು ವಿಕ್ಟೋರಿಯ ರಾಣಿಗೆ ತಲುಪಿಸಲು ಆಕೆಯ ಕೈಯಲ್ಲೇ ಸಂದೇಶ ಕಳಿಸಿದರು. ಮಹಿಳಾ ಆಸ್ಪತ್ರೆಗಳನ್ನು ಕಟ್ಟಲು 1885ರಲ್ಲಿ ಡಫರಿನ್ ನಿಧಿ ಸ್ಥಾಪನೆಯಾಗಲು ಅದೂ ಒಂದು ಪ್ರೇರಣೆ.

ಈ ಕತೆಯ ಅತಿ ಮುಖ್ಯ ಅಧ್ಯಾಯ ವೆಲ್ಲೂರಿನದು. 1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದ ಐಡಾ ಸ್ಕಡರ್ ಮಿಷನರಿ ವೈದ್ಯರ ಮನೆತನದವಳು. ತಾನು ಮಾತ್ರ ಆ ದಾರಿ ಹಿಡಿಯಲಾರೆ ಎಂದು ನಿರ್ಧರಿಸಿದ್ದಳು. ತಿಂಡಿವನದಲ್ಲಿ ತಂದೆಯ ಮನೆಯಲ್ಲಿದ್ದಾಗ ಒಂದು ರಾತ್ರಿ ಒಬ್ಬ ಬ್ರಾಹ್ಮಣ, ಒಬ್ಬ ಮುಸ್ಲಿಂ, ಮತ್ತೊಬ್ಬ ಮೇಲ್ಜಾತಿಯ ಹಿಂದೂ ಒಬ್ಬೊಬ್ಬರಾಗಿ ಬಂದು, ಹೆರಿಗೆಯಲ್ಲಿ ಒದ್ದಾಡುತ್ತಿರುವ ಹೆಂಡತಿಗೆ ಸಹಾಯ ಮಾಡಬೇಕೆಂದು ಆಕೆಯನ್ನೇ ಕೇಳಿದರು. ತಂದೆಯನ್ನು ಕಳಿಸುತ್ತೇನೆಂದರೆ ಮೂವರೂ ಒಪ್ಪಲಿಲ್ಲ. ಬೆಳಗಾಗುವುದರೊಳಗೆ ಮೂವರು ಹೆಂಗಸರೂ ತೀರಿಕೊಂಡಿದ್ದರು. ಐಡಾ ಅಮೆರಿಕಕ್ಕೆ ಹೋಗಿ 1899ರಲ್ಲಿ ಕಾರ್ನೆಲ್‌ನಲ್ಲಿ ವೈದ್ಯಪದವಿ ಪಡೆದು, 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದಳು. ಎರಡು ವರ್ಷದಲ್ಲಿ 40 ಹಾಸಿಗೆಯ ಆಸ್ಪತ್ರೆ, 1909ರಲ್ಲಿ ದಾದಿಯರ ಶಾಲೆ, 1918ರಲ್ಲಿ ಮಹಿಳೆಯರಿಗೆ ವೈದ್ಯಕೀಯ ಶಾಲೆ. ಅದೇ ಇಂದಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ಕರ್ನಾಟಕದ ಎಷ್ಟೋ ಮನೆಗಳವರೂ ಕಷ್ಟದ ಕಾಯಿಲೆ ಎಂದರೆ ವೆಲ್ಲೂರಿನ ರೈಲು ಹತ್ತುತ್ತಾರೆ.

ಕುಷ್ಠರೋಗದ ಬಗ್ಗೆ ಜಗತ್ತಿನ ತಿಳಿವಳಿಕೆಯನ್ನೇ ತಿದ್ದಿದ ಕೆಲಸವೂ ವೆಲ್ಲೂರಿನದೇ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಯ ಮಗನಾಗಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1946ರಲ್ಲಿ ಅಲ್ಲಿಗೆ ಬಂದರು. ಚೆಂಗಲ್ಪಟ್ಟಿನ ಕುಷ್ಠಧಾಮದಲ್ಲಿ ಬೆರಳು ಮಡಚಿಹೋದ ರೋಗಿಯೊಬ್ಬನಿಗೆ ಕೈ ಕೊಟ್ಟು ಹಿಡಿಯಲು ಹೇಳಿದಾಗ, ಆ ಹಿಡಿತಕ್ಕೆ ಬ್ರ್ಯಾಂಡರ ಕೈಯೇ ನೊಂದಿತು. ಸತ್ತಿದೆ ಎಂದುಕೊಂಡಿದ್ದ ಕೈಯಲ್ಲಿ ಗಟ್ಟಿಯಾದ ಸ್ನಾಯುಗಳು ಉಳಿದಿದ್ದವು. ಅಂಥ ಸ್ನಾಯುವಿನ ರಜ್ಜುವನ್ನು ಬಿಡಿಸಿ ನಿಶ್ಚಲವಾದ ಬೆರಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ 1948ರಲ್ಲಿ ಆರಂಭವಾಯಿತು. ಇನ್ನೊಂದು ದಿನ ತುಕ್ಕು ಹಿಡಿದ ಬೀಗವನ್ನು ತೆರೆಯಲಾಗದೆ ಬ್ರ್ಯಾಂಡ್ ಕಷ್ಟಪಡುತ್ತಿದ್ದಾಗ ರೋಗಿ ಹುಡುಗನೊಬ್ಬ ಬಂದು ಸಲೀಸಾಗಿ ಕೀಲಿ ತಿರುಗಿಸಿದ. ನೋಡಿದರೆ ಅವನ ಬೆರಳು ಮೂಳೆ ಕಾಣುವಷ್ಟು ಸೀಳಿ ರಕ್ತ ಸುರಿಯುತ್ತಿತ್ತು. ಹುಡುಗನಿಗೆ ಅದರ ಅರಿವೇ ಇರಲಿಲ್ಲ. ಕುಷ್ಠದಿಂದ ಮೈ ಕೊಳೆಯುವುದಿಲ್ಲ, ನರಗಳು ಸತ್ತು ನೋವು ತಿಳಿಯದೆ ರೋಗಿ ತನ್ನ ಮೈಯನ್ನು ತಾನೇ ಗಾಯ ಮಾಡಿಕೊಳ್ಳುತ್ತಾನೆ ಎಂಬುದು ಇಂಥ ನೂರಾರು ಗಮನಿಕೆಗಳಿಂದ ಖಚಿತವಾಯಿತು. ರಾತ್ರಿ ಮಲಗಿದ್ದಾಗ ಇಲಿ ಕಚ್ಚಿದರೂ ತಿಳಿಯದೆಂದು ಗೊತ್ತಾದ ಮೇಲೆ ರೋಗಿಗಳಿಗೆ ಬೆಕ್ಕುಗಳನ್ನು ಸಾಕಲು ಕೊಟ್ಟರು. ಪಾದಕ್ಕೆ ಹೊಂದುವ ಮೆತ್ತನೆ ರಬ್ಬರಿನ ಚಪ್ಪಲಿಗಳನ್ನು ಮಾಡಿಸಿದರು. ದೇವರ ಶಾಪವೆಂದು ಊರಾಚೆ ತಳ್ಳಿಸಿಕೊಂಡವರು ದುಡಿದು ತಿನ್ನುವಂತಾಯಿತು. ಅದೇ ಕಾಲೇಜಿನ ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮೇಲೂ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ಅಂಗವಿಕಲರ ಪುನರ್ವಸತಿಗೆ ಅಲ್ಲಿ ವಿಭಾಗವನ್ನೇ ಕಟ್ಟಿದರು.

ಕನ್ನಡ ನಾಡಿನಲ್ಲೂ ಈ ಪರಂಪರೆಗೆ ಬೇರುಗಳಿವೆ. ಜರ್ಮನಿಯಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯ ಆಲದ ಮರದಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಹಂಚತೊಡಗಿದರು; 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಇಂದು ಅದೇ ಫಾದರ್ ಮುಲ್ಲರ್ ಆಸ್ಪತ್ರೆ. ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದು. ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರದು. ಊರಿನವರಿಗೆ ಅದು ಬರೀ ಮಿಷನ್ ಆಸ್ಪತ್ರೆ. ಉಡುಪಿಯಲ್ಲಿ 1923ರಲ್ಲಿ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ ಹೆಂಗಸರು, ಮಕ್ಕಳಿಗೆಂದು ಶುರುಮಾಡಿದ ಆಸ್ಪತ್ರೆಗೂ ಅದೇ ರೂಢಿಯ ಹೆಸರು. 1963ರಲ್ಲಿ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು. ಇವೆಲ್ಲಕ್ಕಿಂತ ಕಣ್ಣಿಗೆ ಕಡಿಮೆ ಬೀಳುವ ಕೊಡುಗೆ ದಾದಿಯರದು. ಪರರ ಮಲಮೂತ್ರ, ರಕ್ತ ಮುಟ್ಟುವುದು ಮೈಲಿಗೆ ಎಂದಿದ್ದ ಕಾಲದಲ್ಲಿ, 20ನೇ ಶತಮಾನದ ಮಧ್ಯದವರೆಗೂ ಭಾರತದ ತರಬೇತಾದ ದಾದಿಯರಲ್ಲಿ ಬಹುಪಾಲು ಕ್ರೈಸ್ತ ಹೆಣ್ಣುಮಕ್ಕಳೇ ಆಗಿದ್ದರು. ಸಮಾಜ ಕೀಳೆಂದ ಕೆಲಸಕ್ಕೆ ಅವರು ಗೌರವ ತಂದುಕೊಟ್ಟರು. ಆ ಋಣವನ್ನು ಯಾರೂ ಸರಿಯಾಗಿ ಲೆಕ್ಕವಿಟ್ಟಿಲ್ಲ.

ಮತಾಂತರದ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಹೊರರೋಗಿಗಳ ಸಾಲಿನಲ್ಲಿ ಕಾದು ಕುಳಿತವರಿಗೆ ಪ್ರವಚನ, ವಾರ್ಡುಗಳಲ್ಲಿ ಬೈಬಲ್ ಓದು ಅನೇಕ ಮಿಷನ್ ಆಸ್ಪತ್ರೆಗಳಲ್ಲಿ ನಡೆಯುತ್ತಿತ್ತು. ಸೇವೆಯ ಹಿಂದೆ ಮತಾಂತರದ ಉದ್ದೇಶ ಇರಬಾರದೆಂದು ಗಾಂಧೀಜಿ ಮಿಷನರಿಗಳಿಗೆ ಪದೇಪದೇ ಹೇಳಿದ್ದುಂಟು. ಆ ಟೀಕೆ ನ್ಯಾಯವಾದದ್ದು. ಚಿಕಿತ್ಸೆ ಪಡೆದವರಲ್ಲಿ ಬಹುತೇಕರು ತಮ್ಮ ತಮ್ಮ ಧರ್ಮದಲ್ಲೇ ಉಳಿದರು, ಅವರಿಗೆ ಆರೈಕೆಯೂ ತಪ್ಪಲಿಲ್ಲ ಎಂಬುದೂ ಅಷ್ಟೇ ನಿಜ. ಚರ್ಚಿನ ಒಳಗೂ ತೊಡಕುಗಳಿದ್ದವು: ಕ್ಯಾಥೊಲಿಕ್ ಸನ್ಯಾಸಿನಿಯರು ಹೆರಿಗೆ ಮಾಡಿಸುವುದಕ್ಕೆ ಇದ್ದ ನಿರ್ಬಂಧ ತೆರವಾದದ್ದು 1936ರಲ್ಲಷ್ಟೇ. ರಾವಲ್ಪಿಂಡಿಯಲ್ಲಿ ಕೆಲಸ ಮಾಡಿದ್ದ ವೈದ್ಯೆ ಆನಾ ಡೆಂಗಲ್ ಅದಕ್ಕಾಗಿ ವರ್ಷಗಟ್ಟಲೆ ಒತ್ತಾಯ ಮಾಡಬೇಕಾಯಿತು.

ವಾಸಿಯಾಗದ ರೋಗಿಗಳ ವಿಷಯದಲ್ಲಿ ಕೊನೆಯ ದೊಡ್ಡ ಹೆಜ್ಜೆ 20ನೇ ಶತಮಾನದ್ದು. ಲಂಡನ್ನಿನ ಸಿಸಿಲಿ ಸಾಂಡರ್ಸ್ ದಾದಿಯಾಗಿ, ಸಮಾಜ ಕಾರ್ಯಕರ್ತೆಯಾಗಿ ದುಡಿದು, ಬಳಿಕ ವೈದ್ಯೆಯಾದವರು. ಗಾಢ ಕ್ರೈಸ್ತ ನಂಬಿಕೆಯವರು. ಐರಿಷ್ ಸನ್ಯಾಸಿನಿಯರು ನಡೆಸುತ್ತಿದ್ದ ಸೇಂಟ್ ಜೋಸೆಫ್ಸ್‌ನಲ್ಲಿ ಕ್ಯಾನ್ಸರ್ ರೋಗಿಗಳನ್ನು ಗಮನಿಸಿ, ನೋವು ಮರುಕಳಿಸುವ ಮೊದಲೇ ಹೊತ್ತುಹೊತ್ತಿಗೆ ಮಾರ್ಫಿನ್ ಕೊಟ್ಟರೆ ರೋಗಿ ಎಚ್ಚರವಾಗಿದ್ದು ನೆಮ್ಮದಿಯಿಂದ ಇರಬಲ್ಲನೆಂದು ತೋರಿಸಿದರು. 1967ರಲ್ಲಿ ಅವರು ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಉಪಶಾಮಕ ಆರೈಕೆಗೆ ಜಗತ್ತಿನ ಮಾದರಿಯಾಯಿತು. ಭಾರತದಲ್ಲಿ 1986ರಲ್ಲಿ ಮುಂಬೈನ ಶಾಂತಿ ಅವೇದನಾ ಈ ದಾರಿ ತೆರೆಯಿತು. ಬೆಂಗಳೂರಿನ ಕರುಣಾಶ್ರಯ ಯಾವ ಚರ್ಚಿಗೂ ಸೇರಿದ್ದಲ್ಲ. ಅಲ್ಲಿಯೂ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಂದ ಹಣ ಪಡೆಯುವುದಿಲ್ಲ.

ಹಳ್ಳಿಗಾಡಿನ ಮಿಷನ್ ಆಸ್ಪತ್ರೆಗಳು ಈಗ ಕಷ್ಟದಲ್ಲಿವೆ. ವಿದೇಶಿ ವೈದ್ಯರ, ದಾನಿಗಳ ಕಾಲ ಮುಗಿದಿದೆ. ಯಂತ್ರೋಪಕರಣಗಳ ಬೆಲೆ ಏರಿದೆ. ಓದು ಮುಗಿಸಿದ ವೈದ್ಯರಿಗೆ ನಗರದ ಖಾಸಗಿ ಆಸ್ಪತ್ರೆಗಳ ಸಂಬಳದ ಸೆಳೆತವಿದೆ. ಕೆಲವು ಬಾಗಿಲು ಹಾಕಿವೆ, ಕೆಲವು ವೈದ್ಯಕೀಯ ಕಾಲೇಜುಗಳಾಗಿ ಬೆಳೆದಿವೆ. ಮಿಷನ್ ಸಂಸ್ಥೆಗಳ ಶಿಫಾರಸಿನ ಮೇಲೆ ವೆಲ್ಲೂರಿನಲ್ಲಿ ಎಂಬಿಬಿಎಸ್ ಓದಿದವರು, ಪದವಿಯ ನಂತರ ಎರಡು ವರ್ಷ ಅಂಥ ಆಸ್ಪತ್ರೆಗಳಲ್ಲಿ ಕೆಲಸ ಮಾಡಬೇಕೆಂಬ ಕರಾರು ಇಂದಿಗೂ ಇದೆ. ವೈದ್ಯರು ಹೋಗಲೊಲ್ಲದ ಎಷ್ಟೋ ತಾಲ್ಲೂಕುಗಳಲ್ಲಿ ಹೆರಿಗೆಯ ಕೋಣೆ ತೆರೆದಿರುವುದು ಹೀಗೆ ಬಂದ ತರುಣ ವೈದ್ಯರಿಂದ.